ಕತ್ತರಿ ಇಡುವ ಮುಂಚೆ ಒಂದು ನೂಲು

ಮೈಸೂರು
ಗುರುವಾರ ರಾತ್ರಿ

ಪುಟ್ಟಿ,

ಫೋನಿನಲ್ಲಿ ನಾನು ಕೂಗಾಡಿದ್ದು ತಪ್ಪು. ಬೆಂಗಳೂರಿನಲ್ಲಿ ಅಂಗಡಿ ತೆರೆದು ಇನ್ನೂ ತಿಂಗಳಾಗಿಲ್ಲ, ಆಗಲೇ ದೀಪಾವಳಿಗೆ ಆರು ಮಕ್ಕಳ ಫ್ರಾಕಿನ ಆರ್ಡರ್! ಎಷ್ಟು ಹಿಗ್ಗಾಯಿತು ಅಂತ ಹೇಳುವಷ್ಟರಲ್ಲಿ ನೀನು "ಮೇಲೆ ನೈಲಾನ್ ನೆಟ್, ಒಳಗೆ ಸ್ಯಾಟಿನ್" ಅಂದೆ. ಆಮೇಲೆ ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ನಿನ್ನ ಭಯಾನೆಲ್ಲ ನನ್ನ ಅಂಗಡಿಗೆ ತರಬೇಡಮ್ಮ" ಅಂತ ನೀನು ಫೋನಿಟ್ಟೆ.

ಚಿಕ್ಕಂದಿನಲ್ಲಿ ನಿನ್ನ ಬಟ್ಟೆಗೆ ಬೆಂಕಿ ಹತ್ತಿದ ಆ ರಾತ್ರಿಯ ವಿಷಯ ಬರೆಯಲ್ಲ. ನಾನು ಹೇಳಬೇಕಾದದ್ದು ಅದರ ಹಿಂದಿನ ವಾರದ್ದು, ನಿನಗೆ ಯಾವತ್ತೂ ಹೇಳಿಲ್ಲ. ಮೇಜಿನ ಮೇಲೆ ಎರಡು ಬಟ್ಟೆ ಇದ್ದವು. ಒಂದು ತಿಳಿಹಳದಿ ಕೇಂಬ್ರಿಕ್, ಅಪ್ಪಟ ಹತ್ತಿ. ಇನ್ನೊಂದು ಗುಲಾಬಿ ನೆಟ್, ಗಿರಾಕಿಯೊಬ್ಬರ ಲೆಹೆಂಗಾ ಹೊಲಿದು ಉಳಿದದ್ದು. ನೀನು ಗುಲಾಬಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದರಲ್ಲೇ ಹೊಲಿದರೆ ನನಗೂ ಕೇಂಬ್ರಿಕ್ ಉಳಿಯುತ್ತಿತ್ತು, ಮಾರಬಹುದಿತ್ತು. ಅದು ನೈಲಾನ್, ಬೆಂಕಿ ತಾಗಿದರೆ ಕರಗುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತರಿ ಇಟ್ಟೆ. ನೀನು ಸುರುಸುರುಬತ್ತಿ ಹಿಡಿದು ಓಡಿದ್ದು ತಪ್ಪು ಅಂತ ಎಲ್ಲರೂ ನಿನ್ನನ್ನೇ ಬೈದರು. ನಾನೂ ಸುಮ್ಮನಿದ್ದೆ. ಅದಕ್ಕೆ ಕ್ಷಮಿಸು.

ಆ ಕೇಂಬ್ರಿಕ್ಕಿನಲ್ಲೇ ಆಮೇಲೆ ನಿನಗೆ ಸಡಿಲ ಲಂಗ ಹೊಲಿದೆ, ಗಾಯಕ್ಕೆ ತಾಕದ ಹಾಗೆ. ಎರಡು ತಿಂಗಳು ಅದರಲ್ಲೇ ಇದ್ದೆ ನೀನು. ಮೊದಲೇ ಹೊಲಿಯಬೇಕಿದ್ದ ಬಟ್ಟೆ.

ಹತ್ತಿ ಸುಡಲ್ಲ ಅಂತಲ್ಲ ಕಣೇ. ತೆಳು ಹತ್ತಿ ಬೇಗ ಹೊತ್ತಿಕೊಳ್ಳುತ್ತೆ, ಬಿಡುಬೀಸಾದ ಫ್ರಾಕು ಯಾವುದರಲ್ಲಿ ಹೊಲಿದರೂ ದೀಪದ ಹತ್ತಿರ ಅಪಾಯವೇ. ಆದರೆ ಹತ್ತಿ ಕರಗಿ ಚರ್ಮಕ್ಕೆ ಅಂಟಿಕೊಳ್ಳಲ್ಲ. ಟೆರಿಕಾಟನ್ನೂ ನಂಬಬೇಡ. ಅದರಲ್ಲಿರುವ ಹತ್ತಿ ಉರಿಯುತ್ತಲೇ ಇರುತ್ತೆ, ಪಾಲಿಯೆಸ್ಟರ್ ಕರಗುತ್ತೆ, ಎರಡೂ ಕಷ್ಟ ಒಟ್ಟಿಗೆ.

ಅಂಗಡಿಯವರು ಹೇಳುವ ಹೆಸರು ಕೇಳಿ ಬಟ್ಟೆ ತರಬೇಡ. ಸ್ಯಾಟಿನ್ ಅನ್ನೋದು ನೇಯ್ಗೆಯ ಹೆಸರು, ನೂಲಿನ ಹೆಸರಲ್ಲ. ರೇಷ್ಮೆಯಲ್ಲೂ ಬರುತ್ತೆ, ಪಾಲಿಯೆಸ್ಟರಿನಲ್ಲೂ ಬರುತ್ತೆ. ಕ್ರೇಪ್ ಕೂಡ ಹಾಗೇ. 1912ರಲ್ಲಿ ಶುರುವಾದ ನಮ್ಮೂರ ಕಾರ್ಖಾನೆಯ ಮೈಸೂರು ಸಿಲ್ಕೂ ಕ್ರೇಪೇ, ಮೀಟರಿಗೆ ನೂರು ರೂಪಾಯಿಯ ಪಾಲಿಯೆಸ್ಟರೂ ಕ್ರೇಪೇ. ಅಂಚಿನಿಂದ ಉದ್ದಕ್ಕೆ ಹೋಗುವ ಹಾಸಿನದೊಂದು, ಅಡ್ಡಕ್ಕೆ ಹೋಗುವ ಹೊಕ್ಕಿನದೊಂದು ನೂಲು ಕೀಳು. ಎರಡೂ ಬೇಕು, ಕೆಲವು ಬಟ್ಟೆಯಲ್ಲಿ ಹಾಸು ಒಂದು, ಹೊಕ್ಕು ಇನ್ನೊಂದು ಇರುತ್ತೆ. ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರು. ಹತ್ತಿ, ರೇಯಾನ್ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ನೈಲಾನ್, ಪಾಲಿಯೆಸ್ಟರ್ ಮುದುರಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತೆ. ಬಿಸಿ ಇರುವಾಗ ಮುಟ್ಟಬೇಡ.

ಒಳಗಿನ ಲೈನಿಂಗ್ ಹತ್ತಿಯದೇ ಹಾಕು. ರಾತ್ರಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿಸು. ತೆಳು ಬಟ್ಟೆಗೆ 11ನೇ ನಂಬರಿನ ಸೂಜಿ, ಮೊಂಡಾಗಿದ್ದರೆ ಬದಲಾಯಿಸು. ಇದೆಲ್ಲ ನಿನಗೆ ಕೋರ್ಸಿನಲ್ಲಿ ಹೇಳಿಕೊಟ್ಟಿರುತ್ತಾರೆ, ಗೊತ್ತು. ನಿನ್ನ ಕೈ ಹೊಲಿಗೆ ನನಗಿಂತ ನೇರ, ಅದೂ ಗೊತ್ತು. ಆದರೂ ಬರೆಯದೆ ನಿದ್ದೆ ಬರಲ್ಲ.

ಆ ಆರು ತಾಯಂದಿರಿಗೂ ಬಟ್ಟೆ ಯಾವುದು ಅಂತ ಬಾಯಿ ಬಿಟ್ಟು ಹೇಳು. ಹತ್ತಿ ಬೇಡ, ನೆಟ್ಟೇ ಬೇಕು ಅಂದರೆ ಆ ಆರ್ಡರ್ ಹೋಗಲಿ ಬಿಡು. ಈ ತಿಂಗಳ ಅಂಗಡಿ ಬಾಡಿಗೆ ನಾನು ಕಳಿಸುತ್ತೇನೆ.

ಅಮ್ಮ