ತಾರಸಿ ಮೋಲ್ಡ್‌ಗೆ ಮುಂಚೆ

ಚಿಂತಾಮಣಿ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಆಷಾಢ ಹುಟ್ಟುವುದರೊಳಗೆ ಕೋಲಾರದ ಮನೆಗೆ ಮೋಲ್ಡ್ ಹಾಕಿಸಿಬಿಡಬೇಕು ಅಂತ ಅವಸರದಲ್ಲಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಕಾಂಕ್ರೀಟಿನ ಗ್ರೇಡ್ ಎಂ20 ಸಾಕೋ ಎಂ25 ಬೇಕೋ, ಮಿಕ್ಸರ್ ತರಿಸೋದೋ ರೆಡಿಮಿಕ್ಸ್ ಗಾಡಿ ಕರೆಸೋದೋ ಅಂತ ಕೇಳಿದ್ದೀಯ. ಅದಕ್ಕೂ ಬರೆಯುತ್ತೇನೆ. ಅದಕ್ಕಿಂತ ಮೊದಲು ಒಂದನ್ನು ತೀರ್ಮಾನ ಮಾಡಿಕೋ: ಮೋಲ್ಡ್ ದಿನ ಮಿಕ್ಸರ್ ಪಕ್ಕದಲ್ಲಿ ನೀರಿನ ಪೈಪು ಯಾರ ಕೈಯಲ್ಲಿರಬೇಕು ಅನ್ನುವುದು.

ಒಂದು ಮೂಟೆ, ಅಂದರೆ 50 ಕೆ.ಜಿ. ಸಿಮೆಂಟು ಪೂರ್ತಿ ಗಟ್ಟಿಯಾಗಲು ಅದರ ತೂಕದ ಶೇ. 38ರಷ್ಟು ನೀರು ಸಾಕು, ಸುಮಾರು 19 ಲೀಟರ್. ಅದರ ಮೇಲೆ ಹಾಕುವುದೆಲ್ಲ ಕಲಸಿದ ಕಾಂಕ್ರೀಟು, ಅಂದರೆ ಮಾಲು, ಬಾಂಡ್ಲಿಯಿಂದ ಜಾರಲಿ, ಕಂಬಿ ಸಂದಿಗೆ ಇಳಿಯಲಿ ಅಂತ. ಆ ಹೆಚ್ಚುವರಿ ನೀರು ಮುಂದೆ ಒಣಗಿಹೋಗಿ, ಇದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಬಿಡುತ್ತದೆ. ಕಾಂಕ್ರೀಟಿನ ಶಕ್ತಿ ಕಡಿಮೆಯಾಗುವುದೂ, ಮಳೆಗಾಲದಲ್ಲಿ ತಾರಸಿ ತೇವ ಹಿಡಿಯುವುದೂ, ಒಳಗಿನ ಕಂಬಿ ತುಕ್ಕಾಗುವುದೂ ಆ ರಂಧ್ರಗಳಿಂದಲೇ. ನೀರು-ಸಿಮೆಂಟಿನ ಅನುಪಾತ 0.5ರಿಂದ 0.6ಕ್ಕೆ ಹೋದರೆ, ಅಂದರೆ ಮೂಟೆಗೆ ಬರೀ 5 ಲೀಟರ್ ಜಾಸ್ತಿಯಾದರೆ, ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಹೋಯಿತು. ಸಿಮೆಂಟಿನ ಬ್ರ್ಯಾಂಡ್ ಬದಲಾಯಿಸಿ ಅದನ್ನು ವಾಪಸ್ ತರೋಕಾಗಲ್ಲ.

ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪಟ್ಟಿಯಲ್ಲಿ ಎಂ20 ನಾಮಿನಲ್ ಮಿಕ್ಸ್‌ಗೆ (ಮೊದಲೇ ಗೊತ್ತು ಮಾಡಿದ ಅಳತೆಯ ಮಿಶ್ರಣಕ್ಕೆ) ಮೂಟೆಗೆ 30 ಲೀಟರ್ ಮೀರಬಾರದು ಅಂತಿದೆ. ಅದೇ ಪುಸ್ತಕ ಬಾಳಿಕೆಯ ಲೆಕ್ಕದಲ್ಲಿ, ಒಳಗಿನ ಆರ್‌ಸಿಸಿಗೇ (ಕಂಬಿ ಹಾಕಿದ ಕಾಂಕ್ರೀಟಿಗೇ) ಅನುಪಾತ 0.55 ದಾಟಬಾರದು, ಮಳೆಗೆ ಮೈಯೊಡ್ಡುವುದಾದರೆ 0.50 ದಾಟಬಾರದು ಅನ್ನುತ್ತದೆ. ಅಲ್ಲಿಗೆ 27 ಲೀಟರ್, ಇಲ್ಲವೇ 25. ನೀನು 27 ಅಂತ ಇಟ್ಟುಕೊಂಡರೂ ಅಷ್ಟನ್ನೂ ಪೈಪಿನಿಂದ ಬಿಡುವ ಹಾಗಿಲ್ಲ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತೆಗೆದ ಮರಳು, ತೇವವಾಗಿದ್ದರೆ ಅದರಲ್ಲೇ ನೀರಿದೆ. ಒಂದು ಮೂಟೆಗೆ ಬೀಳುವ ಮರಳು 80 ಕೆ.ಜಿ. ಚಿಲ್ಲರೆ, ತೇವ ಶೇ. 5 ಇದ್ದರೆ 4 ಲೀಟರ್. ಉಳಿದದ್ದು 23. ಬಕೆಟ್ಟಿಗೆ ಒಳಗಡೆ ಪೇಂಟಿನಲ್ಲಿ ಗುರುತು ಹಾಕಿಸು. ಪೈಪು ಡ್ರಮ್ಮಿಗೆ ಮಾತ್ರ, ಮಿಕ್ಸರ್ ಬಾಯಿಗೆ ಬಕೆಟ್ಟು ಮಾತ್ರ.

ಆಗ ಮೇಸ್ತ್ರಿ, "ಸಾರ್, ಮಾಲು ಓಡ್ತಿಲ್ಲ, ಸ್ವಲ್ಪ ನೀರು ಬಿಡಿ" ಅಂತಾರೆ. ಅವರ ಮಾತು ತೆಗೆದುಹಾಕಬೇಡ. ತೀರಾ ಬಿಗಿಯಾದ ಮಾಲೂ ಕೆಟ್ಟದ್ದೇ: ಕಂಬಿಯ ಕೆಳಗೆ ಹೋಗದೆ ಜೇನುಗೂಡಿನ ಹಾಗೆ ತೂತು ಬಿಡುತ್ತದೆ. ಒಳಗೆ ಶೇ. 5ರಷ್ಟು ಗಾಳಿ ಉಳಿದರೆ ಶಕ್ತಿ ಶೇ. 30ರಷ್ಟು ಇಳಿಯುತ್ತದೆ. ಹಾಗಾಗಿ ಮಾಲು ಓಡಬೇಕು, ಆದರೆ ನೀರಿನಿಂದ ಅಲ್ಲ. ಮೊದಲು ಯಾಕೆ ಓಡುತ್ತಿಲ್ಲ ನೋಡು. ಜಲ್ಲಿ ಚಪ್ಪಟೆ, ಉದ್ದುದ್ದ ಇದ್ದರೆ ನೀರು ಜಾಸ್ತಿ ಕೇಳುತ್ತದೆ, 20 ಮಿ.ಮೀ. ಜಲ್ಲಿ ನಾಲ್ಕೂ ಕಡೆಯಿಂದ ದುಂಡು-ಚೌಕ ಇರಬೇಕು. ಬರೀ 20ರದ್ದೇ ಹಾಕಿದರೆ ನಡುವೆ ಸಂದಿ ಉಳಿಯುತ್ತದೆ, ಮೂರರಲ್ಲಿ ಒಂದು ಪಾಲು 12 ಮಿ.ಮೀ. ಸೇರಿಸಿದರೆ ಮಾಲು ತಾನೇ ಮೆತ್ತಗಾಗುತ್ತದೆ. ಧೂಳು ಮೆತ್ತಿದ್ದರೆ ಹಿಂದಿನ ದಿನವೇ ಜಲ್ಲಿಗೆ ನೀರು ಹೊಡೆಸು. ಒಣಗಿ ಕಾದ ಜಲ್ಲಿ ಮಿಕ್ಸರಿನೊಳಗೆ ನಿನ್ನ ನೀರನ್ನೇ ಕುಡಿಯುತ್ತದೆ.

ಇಷ್ಟಾದ ಮೇಲೂ ಬಿಗಿ ಅನ್ನಿಸಿದರೆ, ನೀರು ಹೆಚ್ಚಿಸದೆ ಮಾಲನ್ನು ಮೆತ್ತಗೆ ಮಾಡುವ ಸೂಪರ್ ಪ್ಲಾಸ್ಟಿಸೈಜರ್ ದ್ರಾವಣ ಇದೆ. ಡಬ್ಬಿಯ ಮೇಲೆ ಕೊಟ್ಟ ಪ್ರಮಾಣದಲ್ಲೇ ಹಾಕಬೇಕು. ಸಾಮಾನ್ಯವಾಗಿ ಸಿಮೆಂಟಿನ ತೂಕದ ಶೇ. 0.5ರಿಂದ 1, ಅಂದರೆ ಮೂಟೆಗೆ 250ರಿಂದ 500 ಗ್ರಾಂ. ಒಣ ಸಿಮೆಂಟಿನ ಮೇಲೆ ಸುರಿಯಬೇಡ, ಮುಕ್ಕಾಲು ಪಾಲು ನೀರು ಹಾಕಿ ತಿರುಗಿಸಿದ ಮೇಲೆ ಉಳಿದ ನೀರಿನ ಜೊತೆ ಹಾಕಿಸು. ಅಂದಾಜಿನಲ್ಲಿ ಲೋಟ ಲೋಟ ಸುರಿದರೆ ಜಲ್ಲಿ ಒಂದು ಕಡೆ, ಗಂಜಿ ಒಂದು ಕಡೆ ಆಗುತ್ತದೆ, ಮಾಲು ಬೇಗ ಕಟ್ಟುವುದೂ ಇಲ್ಲ.

ಕಣ್ಣಂದಾಜು ಬಿಟ್ಟು ಅಳೆಯಬೇಕು ಅಂದರೆ ಸ್ಲಂಪ್ ಕೋನ್ ತರಿಸು. 300 ಮಿ.ಮೀ. ಎತ್ತರ, ಕೆಳಗೆ 200, ಮೇಲೆ 100. ಒದ್ದೆ ಮಾಡಿದ ತಗಡಿನ ಮೇಲಿಟ್ಟು, ಎರಡು ಕಿವಿಗಳನ್ನು ಕಾಲಲ್ಲಿ ಅದುಮಿ ಹಿಡಿದು, ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ 16 ಮಿ.ಮೀ. ಸರಳಿನಿಂದ 25 ಸಲ ಚುಚ್ಚಬೇಕು. ಮೇಲೆ ಸಮ ಮಾಡಿ, ಅಲುಗಾಡಿಸದೆ ನೇರವಾಗಿ ಎತ್ತು. ಗುಡ್ಡೆ ಆಕಾರ ಕೆಡದೆ ಎಷ್ಟು ಕುಸಿಯಿತು ಅನ್ನುವುದೇ ಸ್ಲಂಪ್. ಮಿಕ್ಸರಿನಲ್ಲಿ ಕಲಸಿ ವೈಬ್ರೇಟರ್ ಹಿಡಿಯುವ ತಾರಸಿಗೆ 50ರಿಂದ 75 ಮಿ.ಮೀ. ಸಾಕು, ಕಂಬಿ ದಟ್ಟವಾಗಿರುವ ಬೀಮಿಗೆ 100ರವರೆಗೆ ಹೋಗಬಹುದು. ಅರ್ಧ ಗುಡ್ಡೆ ಪಕ್ಕಕ್ಕೆ ಜಾರಿಬಿದ್ದರೆ ಮಾಲಿನಲ್ಲಿ ಹಿಡಿತ ಇಲ್ಲ, ಮತ್ತೆ ತುಂಬಿ ನೋಡು. ಆಗಲೂ ಹಾಗೇ ಆದರೆ ಮರಳು ಕಡಿಮೆಯಾಗಿದೆ. ಗಂಜಿ ಸುತ್ತ ಹರಿದು ನಡುವೆ ಜಲ್ಲಿ ಮಾತ್ರ ನಿಂತಿದ್ದರೆ ಆ ಲೋಡು ತಾರಸಿಗೆ ಹತ್ತಬಾರದು. ಕೋನ್ ಕೈಯಲ್ಲಿಲ್ಲದ ಹೊತ್ತಿನಲ್ಲಿ ಸಲಿಕೆ ಅಂಚು ನೋಡು: ಮಾಲು ಎತ್ತಿದಾಗ ಅಂಚಿನಿಂದ ಸಿಮೆಂಟಿನ ನೀರು ತೊಟ್ಟಿಕ್ಕಿದರೆ ನೀರು ಜಾಸ್ತಿ ಅಂತಲೇ.

ಮರಳಿನ ವಿಷಯ. ನಮ್ಮ ಕಡೆ ಹೊಳೆ ಮರಳು ಎಲ್ಲಿದೆ? ಅಗ್ಗಕ್ಕೆ ಕೊಡುತ್ತೀವಿ ಅಂತ ಬರುವುದು ಹೆಚ್ಚಾಗಿ ಕೆರೆಯಂಗಳದ, ಹೊಲದ ಮಣ್ಣು ತೊಳೆದು ತೆಗೆದ ಫಿಲ್ಟರ್ ಮರಳು. ಅಂಗೈಯಲ್ಲಿ ಉಜ್ಜಿದರೆ ಕೆಂಪು ಹಿಡಿಯುತ್ತದೆ. ಅದು ಬೇಡವೇ ಬೇಡ; ಮಣ್ಣಿನ ಪೊರೆ ಸಿಮೆಂಟನ್ನು ಮರಳಿಗೆ ಅಂಟಲು ಬಿಡುವುದಿಲ್ಲ. ಎಂ-ಸ್ಯಾಂಡೇ ತಗೋ, ಆದರೆ ಕ್ರಷರ್ ಧೂಳನ್ನೇ ಎಂ-ಸ್ಯಾಂಡ್ ಅಂತ ಕಳಿಸುವವರಿದ್ದಾರೆ. ಗಾರೆಗೆ ಬಳಸುವ ನುಣ್ಣನೆ ಪಿ-ಸ್ಯಾಂಡ್ ಕಾಂಕ್ರೀಟಿಗೆ ಬಂದರೆ ನೀರಿನ ಬೇಡಿಕೆ ಏರುತ್ತದೆ.

ಮರಳು ಅಳೆಯುವಾಗ ಇನ್ನೊಂದು ಮೋಸವಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ತೇವದ ಮರಳು ಉಬ್ಬಿರುತ್ತದೆ. ಗಾಜಿನ ಜಾಡಿಗೆ 200 ಮಿ.ಮೀ. ತುಂಬಿ, ನೀರು ಹಾಕಿ ಕದಡಿ ಬಿಡು. 160ಕ್ಕೆ ಇಳಿದು ನಿಂತರೆ ಉಬ್ಬು ಶೇ. 25. ಎಂ20ರ 1:1.5:3 (ಸಿಮೆಂಟು, ಮರಳು, ಜಲ್ಲಿ) ಲೆಕ್ಕದಲ್ಲಿ ಮೂಟೆಗೆ 35 ಲೀಟರಿನ ಪೆಟ್ಟಿಗೆಯಲ್ಲಿ ಒಂದೂವರೆ ಮರಳು, ಮೂರು ಜಲ್ಲಿ. ಉಬ್ಬು ಶೇ. 25 ಇದ್ದ ದಿನ ಮರಳು ಹತ್ತಿರಹತ್ತಿರ ಎರಡು ಪೆಟ್ಟಿಗೆ ಬೀಳಬೇಕು, ಇಲ್ಲದಿದ್ದರೆ ಮಾಲು ಒರಟಾಗುತ್ತದೆ, ಮೇಸ್ತ್ರಿ ಮತ್ತೆ ನೀರು ಕೇಳುತ್ತಾರೆ. ಬಾಂಡ್ಲಿ ಲೆಕ್ಕಕ್ಕೆ ಒಪ್ಪಬೇಡ, ಒಬ್ಬರ ಬಾಂಡ್ಲಿ ಗೋಪುರ, ಇನ್ನೊಬ್ಬರದು ತಟ್ಟೆ.

ಬೋರ್‌ವೆಲ್ ನೀರು ಕುಡಿಯಲು ಆಗುವಂತಿದ್ದರೆ ಸಾಮಾನ್ಯವಾಗಿ ಕಾಂಕ್ರೀಟಿಗೂ ಆಗುತ್ತದೆ. ಉಪ್ಪುಪ್ಪಾಗಿದ್ದರೆ ಲ್ಯಾಬಿಗೆ ಕಳಿಸು: ಆರ್‌ಸಿಸಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟ್ 400 ಮೀರಬಾರದು, ಪಿಎಚ್ 6ಕ್ಕಿಂತ ಕೆಳಗಿರಬಾರದು. ಟ್ಯಾಂಕರ್ ತರಿಸಿದರೆ ಎಲ್ಲಿ ತುಂಬಿದ್ದು ಅಂತ ಕೇಳು. ಕೆ.ಸಿ. ವ್ಯಾಲಿ ನೀರು ಬರುವ ಕೆರೆಯದಾದರೆ, ಅದು ಬೆಂಗಳೂರಿನಲ್ಲಿ ಸಂಸ್ಕರಿಸಿ ಬಿಟ್ಟ ನೀರು, ಪರೀಕ್ಷೆ ಮಾಡಿಸದೆ ಮಿಕ್ಸರಿಗೆ ಬೇಡ.

ಎಂ20 ಅಂದರೆ 28 ದಿನಕ್ಕೆ 150 ಮಿ.ಮೀ.ನ ಘನ ಸುಮಾರು 46 ಟನ್ ತಡೆಯಬೇಕು ಅಂತ ಅರ್ಥ. ಆರ್‌ಸಿಸಿಗೆ ಅದೇ ಕನಿಷ್ಠ. ಎಂಜಿನಿಯರ್ ಡ್ರಾಯಿಂಗ್‌ನಲ್ಲಿ ಏನಿದೆಯೋ ಅದನ್ನೇ ಹಾಕಿಸು. ಅದರಲ್ಲಿ ಎಂ25 ಇದ್ದರೆ "1:1:2 ಹಾಕಿಬಿಡ್ತೀವಿ" ಅನ್ನುವುದಕ್ಕೆ ಬಗ್ಗಬೇಡ. ನಾಮಿನಲ್ ಮಿಕ್ಸ್‌ಗೆ ಎಂ20ರವರೆಗೆ ಮಾತ್ರ ಒಪ್ಪಿಗೆ, ಅದರ ಮೇಲೆ ಡಿಸೈನ್ ಮಿಕ್ಸ್, ಅಂದರೆ ಲ್ಯಾಬಿನಲ್ಲಿ ಲೆಕ್ಕಹಾಕಿ ಪರೀಕ್ಷಿಸಿ ಕೊಟ್ಟ ಮಿಶ್ರಣ. 1:1:2ರಲ್ಲಿ ಘನಮೀಟರಿಗೆ 11 ಮೂಟೆ ಹತ್ತಿರ ತಿಂದು, ಬಿಸಿಯೇರಿ, ಕುಗ್ಗಿ ಬಿರುಕು ಬಿಡುತ್ತದೆ. ದುಡ್ಡು ಹೋಗಿ ಬಿರುಕು ಬರುವುದು ಅಂದರೆ ಇದೇ.

ನಿನ್ನ 1000 ಚದರಡಿಗೆ 5 ಇಂಚು ಅಂದರೆ ಸುಮಾರು 11.8 ಘನಮೀಟರ್, ಬೀಮು ಬೇರೆ. ಎಂ20ಕ್ಕೆ ಘನಮೀಟರಿಗೆ 8 ಮೂಟೆಯಂತೆ ತಾರಸಿಗೇ 95. ಎಂ25 ಆದರೆ ರೆಡಿಮಿಕ್ಸೇ ವಾಸಿ. ಗಾಡಿ ಬಂದಾಗ ಚೀಟಿಯಲ್ಲಿ ಗ್ರೇಡ್, ಲೋಡ್ ಮಾಡಿದ ಸಮಯ ನೋಡು. ಅಲ್ಲಿಂದ ಎರಡು ಗಂಟೆಯೊಳಗೆ ಖಾಲಿಯಾಗಬೇಕು. ದಾರಿಯಲ್ಲಿ ಬಿಗಿಯಾಯಿತು ಅಂತ ಡ್ರೈವರ್ ಡ್ರಮ್ಮಿಗೆ ನೀರು ಬಿಡಲು ಹೊರಟರೆ ತಡೆ. ಪಂಪಿನಲ್ಲಿ ಏರಿಸುವ ಮಾಲಿಗೆ ಸ್ಲಂಪ್ 100ರ ಮೇಲಿರುತ್ತದೆ, ಅದು ಪ್ಲಾಸ್ಟಿಸೈಜರಿನಿಂದ ಬಂದದ್ದು, ಹೆದರಬೇಡ. ತಾನೇ ಹರಿದು ಕೂರುವ ಕಾಂಕ್ರೀಟು, ಫೈಬರ್, ಫೋಮ್ ಅಂತೆಲ್ಲ ಯಾರಾದರೂ ಹೇಳಿದರೆ ಈ ಮನೆಗೆ ಬೇಕಿಲ್ಲ.

ಹಾಕುವಾಗ ಕಂಬಿ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ ಇರಲಿ, ಬೀಮಿಗೆ 25. ಜಲ್ಲಿಚೂರು ಇಟ್ಟರೆ ಒಪ್ಪಬೇಡ. ವೈಬ್ರೇಟರ್ ಸೂಜಿ ನೆಟ್ಟಗೆ ಇಳಿಸಿ, ಗುಳ್ಳೆ ನಿಂತ ಕೂಡಲೇ ನಿಧಾನವಾಗಿ ಎತ್ತಬೇಕು. ಅದರಿಂದ ಮಾಲು ದೂಡಬಾರದು. ಅರ್ಧ ಗಂಟೆ ಬಿಟ್ಟು ಬಿಗಿಯಾದ ಮಾಲಿಗೆ ಮತ್ತೆ ನೀರು ಕಲಸುವುದು, ಮೇಲೆ ನೀರು ತೇಲಿದೆ ಅಂತ ಒಣ ಸಿಮೆಂಟು ಎರಚುವುದು, ಎರಡೂ ಬೇಡ.

ಜನ ಬಿಸಿಲಿಗೆ ಹೆದರುತ್ತಾರೆ, ಗಾಳಿಗೆ ಹೆದರುವುದಿಲ್ಲ. ಜೂನಿನ ಬೀಸುಗಾಳಿ ಹಸಿ ತಾರಸಿಯ ಮೇಲಿನ ತೇವ ಹೀರಿ, ಕೆಲವೇ ಗಂಟೆಯಲ್ಲಿ ಅಡ್ಡಾದಿಡ್ಡಿ ಕೂದಲು ಬಿರುಕು ಹುಟ್ಟಿಸುತ್ತದೆ. ಮರದ ತಟ್ಟಿನಿಂದ ಸಮ ಮಾಡುತ್ತ ಹೋದ ಹಾಗೆ ಹಿಂದಿನಿಂದ ಪ್ಲಾಸ್ಟಿಕ್ ಹಾಳೆ ಹೊದಿಸುತ್ತ ಬಾ. ಬಿರುಕು ಕಂಡರೆ ಮಾಲು ಇನ್ನೂ ಮೆತ್ತಗಿರುವಾಗಲೇ ಮತ್ತೆ ತಟ್ಟಿಸು, ಮುಚ್ಚಿಕೊಳ್ಳುತ್ತದೆ.

ಮಾರನೆ ದಿನ ಮಣ್ಣಿನ ಪಾತಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸು. ಸಾವಿರ ಚದರಡಿಗೆ 5 ಸಾವಿರ ಲೀಟರ್ ಹತ್ತಿರ ಬೇಕು. ನಿನ್ನದು ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದ್ದರಿಂದ 14 ದಿನ ತಪ್ಪಿಸಬೇಡ. ಬೆಳಿಗ್ಗೆ-ಸಂಜೆ ಪೈಪು ಹಿಡಿದು ನೆನೆಸಿ ಮಧ್ಯಾಹ್ನ ಒಣಗಲು ಬಿಡುವುದು ಕ್ಯೂರಿಂಗ್ ಅಲ್ಲ. ಕಂಬಗಳಿಗೆ ಗೋಣಿತಾಟು ಸುತ್ತಿಸು.

ಸೆಂಟ್ರಿಂಗ್ ಬಾಡಿಗೆ ಏರುತ್ತಿದೆ ಅಂತ ಏಳನೇ ದಿನಕ್ಕೇ ಗೂಟ ತೆಗೆಯಲು ಬರುತ್ತಾರೆ. ನಾಲ್ಕೂವರೆ ಮೀಟರ್ ಒಳಗಿನ ತಾರಸಿಗೆ 7 ದಿನ ಅಂತ ಪುಸ್ತಕದಲ್ಲಿದೆ, ಅದು ಸಾದಾ ಓಪಿಸಿ ಸಿಮೆಂಟಿಗೆ. ನಿನ್ನದಕ್ಕೆ 14 ಇರಲಿ, 6 ಮೀಟರ್ ದಾಟಿದ ಬೀಮಿದ್ದರೆ 21. ಮೋಲ್ಡ್ ದಿನ ಎರಡು ಬೇರೆ ಬೇರೆ ಲೋಡಿನಿಂದ ಶಕ್ತಿ ಪರೀಕ್ಷೆಗೆ ಮೂರು ಮೂರು ಕ್ಯೂಬ್ (ಆಗ ಹೇಳಿದ 150 ಮಿ.ಮೀ. ಘನ) ತುಂಬಿಸು, ಏಳನೇ ದಿನ ನೋಡಲು ಇನ್ನೂ ಮೂರು. ಏಳಕ್ಕೆ ಮೂರರಲ್ಲಿ ಎರಡು ಪಾಲು ಶಕ್ತಿ ಬಂದಿರಬೇಕು. ಆ ರಿಪೋರ್ಟ್ ಬಂದ ತಕ್ಷಣ ಫೋಟೊ ಕಳಿಸು, ಗೂಟ ತೆಗೆಯುವ ಮಾತು ಆಮೇಲೆ ಆಡೋಣ.

ಇತಿ,
ನಿನ್ನ ದೊಡ್ಡಪ್ಪ