ಮುನ್ನಡೆಯಲ್ಲಿದ್ದಾಗ ಹಿಡಿಯಬೇಕಾದ ಕ್ಲಬ್

ಡಂಡಿ, ಸ್ಕಾಟ್ಲೆಂಡ್

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಬದಿಯಡ್ಕದಲ್ಲಿ ಮಳೆ ಬಿಡುತ್ತಿಲ್ಲ, ತೋಟಕ್ಕೆ ಮದ್ದು ಬಿಡಲು ಜನ ಸಿಗುತ್ತಿಲ್ಲ ಎಂದಿದ್ದೀಯ. ಆ ವಿಷಯ ಅಪ್ಪನ ಹತ್ತಿರ ಫೋನಿನಲ್ಲೇ ಮಾತಾಡುತ್ತೇನೆ. ಗಾಲ್ಫಿನಲ್ಲಿ ಮುನ್ನಡೆಯಲ್ಲಿರುವವನು ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್, ಅಂದರೆ ಕೋಲು) ಬಿಟ್ಟು ಐರನ್ (ದೂರ ಕಡಿಮೆ, ಹಿಡಿತ ಹೆಚ್ಚಿನ ಕ್ಲಬ್) ಹಿಡಿದರೆ ಹೆದರಿದ ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಇಲ್ಲಿಗೆ ಹತ್ತಿರದ ಕಾರ್ನೂಸ್ಟಿಯಲ್ಲಿ 1999ರ ಓಪನ್ ಗಾಲ್ಫ್ ಪಂದ್ಯಾವಳಿ ನಡೆಯಿತು. ಫ್ರಾನ್ಸಿನ ಝಾನ್ ವ್ಯಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಬರುವಾಗ ಉಳಿದವರಿಗಿಂತ 3 ಹೊಡೆತ ಕಡಿಮೆ ಹೊಡೆದು ಮುಂದಿದ್ದ. ಪಾರ್ 4ರಲ್ಲಿ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲಿನಲ್ಲಿ, 6 ಹೊಡೆದರೂ ಕಪ್ ಅವನದೇ. ಡ್ರೈವರ್ ಹೊಡೆತ ಬಲಕ್ಕೆ ಹೋದರೂ ಚೆಂಡು ಉಳಿಯಿತು. ಎರಡನೆಯದಕ್ಕೆ ದೂರ ಹೋಗುವ 2-ಐರನ್ ಹಿಡಿದು, ಗುಳಿ ಇರುವ ಗ್ರೀನ್‌ಗೇ ಗುರಿಯಿಟ್ಟ. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಹಿಂದಕ್ಕೆ ಚಿಮ್ಮಿ ಎತ್ತರದ ಹುಲ್ಲಿಗೆ ಬಿತ್ತು. ಎಲ್ಲರೂ ಬೈಯುವುದು ಈ ಹೊಡೆತವನ್ನು. ನನ್ನ ಪ್ರಕಾರ ಕೆಟ್ಟದ್ದು ಮೂರನೆಯದು. ಎತ್ತರದ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ, ಮುಖ ಎಡಕ್ಕೆ ತಿರುಗಿಬಿಡುತ್ತದೆ. ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿದರೆ ಹೊಡೆತಕ್ಕೆ ಬಲವೂ ಇಲ್ಲ, ಎತ್ತರವೂ ಇಲ್ಲ. ಎದುರಿಗೆ ಬ್ಯಾರಿ ಬರ್ನ್ ಎಂಬ ತೋಡು. ಚೆಂಡು ಅದರೊಳಗೆ ಹೋಯಿತು. ಪಕ್ಕದಲ್ಲಿ ಹುಲ್ಲು ಕತ್ತರಿಸಿದ ಫೇರ್‌ವೇಗೆ ಮೆಲ್ಲಗೆ ತಳ್ಳಿದ್ದರೆ ಮೂರು, ವೆಜ್ಜಿನಲ್ಲಿ (ಹತ್ತಿರದ ಹೊಡೆತದ ಕ್ಲಬ್) ಗ್ರೀನ್‌ಗೆ ನಾಲ್ಕು, ಎರಡು ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ), ಒಟ್ಟು ಆರು! ಕೊನೆಗೆ 7 ಆಯಿತು, ಸಮ ಆದವರ ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದ.

ಅಮೆರಿಕದ 2007ರ ಮಾಸ್ಟರ್ಸ್ ಪಂದ್ಯಾವಳಿ ನೋಡು. ಝಾಕ್ ಜಾನ್ಸನ್ ಪಾರ್ 5 ಒಂದರಲ್ಲೂ ಎರಡನೇ ಹೊಡೆತಕ್ಕೆ ಗ್ರೀನ್ ಆಸೆ ಪಡಲಿಲ್ಲ. ಗ್ರೀನ್‌ಗಿಂತ ಈಚೆ ನಿಲ್ಲಿಸಿ ವೆಜ್ಜಿನಲ್ಲಿ ಮುಗಿಸಿದ. ನಾಲ್ಕು ದಿನಕ್ಕೆ ಆ ಹೋಲ್‌ಗಳಲ್ಲೇ 11 ಅಂಡರ್ (ಪಾರ್‌ಗಿಂತ 11 ಹೊಡೆತ ಕಡಿಮೆ), ಕಪ್ಪೂ ಅವನಿಗೇ. ಅಪ್ಪ ಮನೆ ಖರ್ಚಿಗೆ ಬೇಕಾದಷ್ಟು ಅಡಿಕೆ ಮೊದಲು ಮಾರಿ, ಉಳಿದದ್ದನ್ನು ಮಾತ್ರ ಹಳೆಯದಾಗಿ ಡಬ್ಬಲ್ ಚೋಲ್ ಆಗಿ ಹೆಚ್ಚು ಬೆಲೆ ಬರಲಿ ಅಂತ ಇಡುತ್ತಾರಲ್ಲ, ಲೆಕ್ಕ ಅದೇ.

ಹಾಗಂತ ಯಾವಾಗಲೂ ಜಾಗ್ರತೆ ಅಂತಲೂ ಅಲ್ಲ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರಿನ ಸಾಮಾನ್ಯ ಪಂದ್ಯದಲ್ಲಿ ಒಟ್ಟು ಬಹುಮಾನದ 18 ಶೇಕಡಾ ಗೆದ್ದವನಿಗೆ, 10.9 ಎರಡನೆಯವನಿಗೆ. ಕೊನೆಯ ದಿನವಾದ ಭಾನುವಾರ ಒಂದು ಹೊಡೆತ ಹಿಂದೆ ಇರುವವನು ನೀರಿನ ಮೇಲಿಂದ ಹೊಡೆದರೆ ಅದಕ್ಕೆ ಅರ್ಥ ಇದೆ. ಶುಕ್ರವಾರ ಕಟ್ ಗೆರೆಯ (ಅದರ ಹೊರಗೆ ಉಳಿದವನಿಗೆ ಮುಂದಿನ ಆಟವೂ ಇಲ್ಲ, ಹಣವೂ ಇಲ್ಲ) ಮೇಲೆ ನಿಂತವನು ಅದನ್ನೇ ಮಾಡಿದರೆ ವಾರದ ದುಡಿಮೆಯೇ ನೀರಿಗೆ.

ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಆಡಲು ಹೋಗುವ ಮೊದಲು ಒಂದು ಕೆಲಸ ಮಾಡು. 7-ಐರನ್‌ನಲ್ಲಿ ಇಪ್ಪತ್ತು ಚೆಂಡು ಹೊಡೆದು, ತೀರಾ ಎಡಕ್ಕೆ ಬಿದ್ದದ್ದಕ್ಕೂ ತೀರಾ ಬಲಕ್ಕೆ ಬಿದ್ದದ್ದಕ್ಕೂ ನಡುವೆ ಹೆಜ್ಜೆ ಅಳೆ. ಪಂದ್ಯದಲ್ಲಿ ಗುರಿಯ ಸುತ್ತ ಅಷ್ಟು ಅಗಲ ಇಟ್ಟು ನೋಡು; ಅಂಚು ನೀರಿಗೆ ತಾಗಿದರೆ, ತಾಗದ ತನಕ ಗುರಿ ಸರಿಸು. ಗುಳಿಯ ಬಾವುಟ ಎಲ್ಲಿದ್ದರೂ ಸರಿ. ನೀರಿನ ಅಂಚಿನ ಕೆಂಪು ಗೂಟದೊಳಗೆ ಹೋದರೆ ಒಂದು ಹೊಡೆತ ದಂಡ, ಹತ್ತಿರದಲ್ಲೇ ಚೆಂಡು ಬಿಡಬಹುದು. ಮೈದಾನದ ಗಡಿಯ ಬಿಳಿ ಗೂಟ ದಾಟಿದರೆ ದಂಡದ ಜೊತೆ ಮೊದಲಿನ ಜಾಗಕ್ಕೇ ವಾಪಸ್. ಬಿಳಿ ಗೂಟ ಇರುವ ಕಡೆ ಡ್ರೈವರ್ ಚೀಲದಲ್ಲೇ ಇರಲಿ.

ಆಡಿದ ಮೇಲೆ ಸ್ಕೋರ್ ಕಾರ್ಡಿನ ಫೋಟೊ ಕಳಿಸು. ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಣ್ಣ