ಈ ಭಾನುವಾರದ ಆಲಿಕೆ: ಎನ್ರಿಕೋ ಕರೂಸೊ

ಸದಸ್ಯರಿಗೆ ನಮಸ್ಕಾರ. ಈ ವಾರ ಇಟಲಿಯ ಟೆನರ್, ಅಂದರೆ ಗಂಡುದನಿಯ ಮೇಲಿನ ಸ್ಥಾಯಿಯ ಗಾಯಕ, ಎನ್ರಿಕೋ ಕರೂಸೊ ಅವರನ್ನು ಕೇಳೋಣ. ಹುಟ್ಟಿದ್ದು 1873ರಲ್ಲಿ, ನೇಪಲ್ಸ್‌ನ ಬಡ ಕುಟುಂಬದಲ್ಲಿ.

1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮೊಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕರೂಸೊ ಅವರಿಂದ ಹತ್ತು ಹಾಡು ಹಾಡಿಸಿ ಧ್ವನಿಮುದ್ರಿಸಿಕೊಂಡರು. ಸಂಭಾವನೆ 100 ಪೌಂಡ್. ಆಗ ಮೈಕ್ ಇರಲಿಲ್ಲ. ತಗಡಿನ ಕಹಳೆಯ ಬಾಯಿಗೆ ಹಾಡಬೇಕು. ಪಿಟೀಲು ಅದರಲ್ಲಿ ಸೊರಗುತ್ತಿತ್ತು, ಕರೂಸೊ ಕಂಠ ಮಾತ್ರ ಗಟ್ಟಿಯಾಗಿ ನಿಂತಿತು. ಅದೇ ಗೈಸ್‌ಬರ್ಗ್ ಅದೇ ವರ್ಷ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಅವರ ಧ್ವನಿಯನ್ನೂ ಮುದ್ರಿಸಿದರು. ಹೌದು, ಕೊನೆಗಾಲವನ್ನು ನಮ್ಮ ಮೈಸೂರಿನಲ್ಲಿ ಕಳೆದ ಗೌಹರ್ ಜಾನ್ ಅವರೇ!

1903ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಎಂಬ ಸಂಗೀತ ನಾಟಕಗಳ ರಂಗಮಂದಿರ ಕರೂಸೊ ಅವರ ಮನೆಯಂತಾಯಿತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಕಾರ್ಮೆನ್’ ಸಂಗೀತ ನಾಟಕದಲ್ಲಿ ಹಾಡಿ ಮಲಗಿದವರನ್ನು ಬೆಳಗಿನ ಜಾವ ಎಬ್ಬಿಸಿದ್ದು ಆ ಕುಖ್ಯಾತ ಭೂಕಂಪ. ಮತ್ತೆ ಆ ಊರಿಗೆ ಅವರು ಕಾಲಿಡಲಿಲ್ಲ.

1920ರ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನ ವೇದಿಕೆಯ ಮೇಲೆ ಬಾಯಲ್ಲಿ ರಕ್ತ ಬಂದರೂ, ಕರವಸ್ತ್ರದ ಮೇಲೆ ಕರವಸ್ತ್ರ ಹಿಡಿದು ಒಂದು ಅಂಕ ಮುಗಿಸಿದರು. ನನಗೆ ಇದು ಶೌರ್ಯಕ್ಕಿಂತ ಹಟವೆನಿಸುತ್ತದೆ. 1921ರ ಆಗಸ್ಟ್ 2ರಂದು ನೇಪಲ್ಸ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ 48.

ಮೊದಲು 1907ರಲ್ಲಿ ಮುದ್ರಿಸಿದ ‘ವೆಸ್ತಿ ಲಾ ಜುಬ್ಬಾ’ ಹಾಡು ಕೇಳಿ. ಗರಗರ ಸದ್ದಿಗೆ ಬೇಸರಿಸಬೇಡಿ, ಎರಡನೆಯ ಸಲಕ್ಕೆ ಕಿವಿ ಒಗ್ಗುತ್ತದೆ. ಅನಿಸಿಕೆಗಳನ್ನು ಭಾನುವಾರ ಸಂಜೆ ಇಲ್ಲಿಯೇ ಬರೆಯಿರಿ. ದಯವಿಟ್ಟು ‘ಶುಭೋದಯ’ದ ಚಿತ್ರಗಳನ್ನು ಅಂದು ಒಂದು ದಿನ ತಡೆಹಿಡಿಯಿರಿ.